ಮರದ ಹನಿಯಂಥ ಬೆಳಕು

ಕೇಳುಗರಿಗೆ ನಮಸ್ಕಾರ.

ಹಸುವಿಗೆ ಇಂಜೆಕ್ಷನ್ ಕೊಡಿಸಲು ಪಶುವೈದ್ಯರನ್ನು ಕರೆಸಿದಾಗ, ಅವರ ಕ್ಯಾನಿನ ಮುಚ್ಚಳ ತೆಗೆದೊಡನೆ ಬಿಳಿ ಹಬೆ ನೆಲಕ್ಕಿಳಿಯುವುದನ್ನು ನೀವು ನೋಡಿರುತ್ತೀರಿ. ಒಳಗಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಅಂಥದೇ ಇನ್ನೊಂದು ದ್ರವ ಆರ್ಗಾನ್. ಶಿವಮೊಗ್ಗದ ವರ್ಕ್‌ಶಾಪುಗಳಲ್ಲಿ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಮಾಡುತ್ತಾರಲ್ಲ, ಅದೇ ಅನಿಲ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟಿದೆ. ಮೈನಸ್ 186ಕ್ಕೆ ತಣಿಸಿದರೆ ನೀರಿನಂತೆ ತಿಳಿಯಾಗಿ ನಿಲ್ಲುತ್ತದೆ.

ವಿಕಿರಣದ ಕಣವೊಂದು ಇದರೊಳಗೆ ಹಾದರೆ ದ್ರವ ಮಿನುಗುತ್ತದೆ. ಪೆಟ್ಟು ತಿಂದ ಪರಮಾಣು ಪಕ್ಕದ್ದರ ಜೊತೆ ಅರೆಗಳಿಗೆ ಕೂಡಿಕೊಂಡು, ಬೇರೆಯಾಗುವಾಗ ಬೆಳಕು ಚೆಲ್ಲುತ್ತದೆ. ಜೋಡಿ ಚೆಲ್ಲಿದ ಆ ಬೆಳಕನ್ನು ಒಂಟಿ ಪರಮಾಣುಗಳು ಹೀರಲಾರವು. ಹಾಗಾಗಿಯೇ ಟನ್ನುಗಟ್ಟಲೆ ದ್ರವವನ್ನು ದಾಟಿ ಅದು ಅಂಚಿಗೆ ಬರುತ್ತದೆ. ಈ ವಿಷಯದಲ್ಲಿ ನನಗೆ ತೀರ ಪ್ರಿಯವಾದ ಸಂಗತಿ ಇದು. ಬೆಳಕೇನೋ 128 ನ್ಯಾನೊಮೀಟರಿನ ಅತಿನೇರಳೆ, ಗಾಜನ್ನೂ ದಾಟದು. ಆರ್ಗಾನ್ ತುಂಬಿದ ತೊಟ್ಟಿಯ ಒಳಮೈಗೆ ಬಳಿದ ಲೇಪವೊಂದು ಅದನ್ನು ನೀಲಿಯಾಗಿಸುತ್ತದೆ. ಮಂದ ಮಿನುಗನ್ನೂ ಹಿಡಿಯಬಲ್ಲ ಫೋಟೊಮಲ್ಟಿಪ್ಲೈಯರ್ ಕೊಳವೆಗಳು ಸುತ್ತಲೂ ಇದ್ದು ಅದನ್ನು ಎಣಿಸುತ್ತವೆ.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವೆ. ಆಗುಂಬೆ, ತೀರ್ಥಹಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಆರ್ಗಾನಿನ ಬೆಳಕೂ ಹಾಗೆಯೇ. ಮೊದಲ ಸುರಿತ ಸೆಕೆಂಡಿನ 100 ಕೋಟಿ ಪಾಲಿನಲ್ಲಿ ಸುಮಾರು 7 ಪಾಲಿನಷ್ಟು ಹೊತ್ತಿನದು. ಆಮೇಲಿನ ಹನಿ ಅದರ 200 ಪಟ್ಟು ಹೊತ್ತು ತೊಟ್ಟಿಕ್ಕುತ್ತದೆ. ಎಲೆಕ್ಟ್ರಾನ್ ಹಾದಿದ್ದರೆ ಹನಿಯೇ ಹೆಚ್ಚು. ಆರ್ಗಾನಿನ ಪರಮಾಣು ಬೀಜಕ್ಕೇ ಪೆಟ್ಟು ಬಿದ್ದಿದ್ದರೆ ಸುರಿತವೇ ಹೆಚ್ಚು. ಬಂದವರಾರೆಂದು ಬೆಳಕಿನ ನಡೆಯೇ ಹೇಳುತ್ತದೆ.

ಈ ಗುರುತು ಬೇಕೇ ಬೇಕು. ಗಾಳಿಯಿಂದ ತೆಗೆದ ಆರ್ಗಾನಿನಲ್ಲಿ ವಿಕಿರಣಶೀಲವಾದ ಆರ್ಗಾನ್-39 ಬೆರೆತಿರುತ್ತದೆ. ಕಿಲೋ ಒಂದರಲ್ಲಿ ಸೆಕೆಂಡಿಗೆ ಸುಮಾರು ಒಂದು ಎಲೆಕ್ಟ್ರಾನ್ ಹೊಮ್ಮುತ್ತದೆ. ಕೆನಡಾದ ಸಡ್ಬರಿಯ ನಿಕಲ್ ಗಣಿಯಲ್ಲಿ, 2 ಕಿಲೋಮೀಟರ್ ಆಳದಲ್ಲಿ, ಡೀಪ್-3600 ಎಂಬ ಪ್ರಯೋಗಕ್ಕೆ 3 ಟನ್ನಿಗೂ ಹೆಚ್ಚು ದ್ರವ ಆರ್ಗಾನ್ ತುಂಬಿದರು. ಅಂದರೆ ಸೆಕೆಂಡಿಗೆ ಮೂರು ಸಾವಿರಕ್ಕೂ ಮಿಕ್ಕ ಮಿನುಗು. ಅಷ್ಟರ ನಡುವೆ ಅವರು ಹುಡುಕಿದ್ದು ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ ಕಪ್ಪು ದ್ರವ್ಯ, ಪರಮಾಣು ಬೀಜಕ್ಕೆ ಕೊಡುವ ಒಂದೇ ಒಂದು ಪೆಟ್ಟನ್ನು. ಅದಿನ್ನೂ ಯಾರಿಗೂ ಖಚಿತವಾಗಿ ಸಿಕ್ಕಿಲ್ಲ.

ಅಷ್ಟು ಆಳ ಯಾಕೆಂದರೆ, ಮೇಲಿನಿಂದ ಮ್ಯೂಆನ್ ಎಂಬ, ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ಭಾರದ ಕಣಗಳು ಎಡೆಬಿಡದೆ ಬೀಳುತ್ತವೆ, ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಒಂದರಂತೆ. ಬಂಡೆಯೇ ಕೊಡೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊ ಕಣಗಳನ್ನು ಕಂಡದ್ದೂ ಇದೇ ಕೊಡೆಯಡಿಯಲ್ಲಿ.

ಇನ್ನೊಂದು ಮಾತು. ಕೊಟ್ಟಿಗೆಯ ಮುಂದೆ ನೋಡಿದ ಆ ಸಾರಜನಕ, ಹತ್ತು ಲಕ್ಷಕ್ಕೆ ಕೆಲವೇ ಪಾಲು ಆರ್ಗಾನಿಗೆ ಬೆರೆತರೂ ಹನಿ ಬೇಗ ಆರತೊಡಗುತ್ತದೆ. ಅದಕ್ಕೇ ಆರ್ಗಾನನ್ನು ಸೋಸಿ ಸೋಸಿ ತುಂಬುತ್ತಾರೆ.

ನಮಸ್ಕಾರ.