ಅಧ್ಯಕ್ಷರನ್ನು ಏನಂತ ಕರೆಯೋಣ?

ನಮಸ್ಕಾರ ಕೇಳುಗರೇ. ಅಮೆರಿಕದ ಅಧ್ಯಕ್ಷರಿಗೆ ಇಷ್ಟೊಂದು ಅಧಿಕಾರ ಎಲ್ಲಿಂದ ಬಂತು? ಸಂವಿಧಾನದಿಂದ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಅದನ್ನು ತೆಗೆದು ನೋಡಿ, ಅಧ್ಯಕ್ಷರ ಬಗ್ಗೆ ಅಲ್ಲಿ ಬರೆದಿರುವುದು ಬಹಳ ಕಡಿಮೆ.

1787ರ ಬೇಸಿಗೆಯಲ್ಲಿ 12 ರಾಜ್ಯಗಳ 55 ಜನ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಕೂತರು, ಈ ಸಂವಿಧಾನ ಹುಟ್ಟಿದ್ದು ಅಲ್ಲೇ. ರೋಡ್ ಐಲೆಂಡ್ ಯಾರನ್ನೂ ಕಳಿಸಲೇ ಇಲ್ಲ. ಅದುವರೆಗಿನ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ, ಆಡಳಿತ ನಡೆಸುವ ಮುಖ್ಯಸ್ಥನೂ ಇರಲಿಲ್ಲ, ಯುದ್ಧದ ಸಾಲ ಮಾತ್ರ ಬೇಕಾದಷ್ಟಿತ್ತು. ಜೂನ್ 1ರಂದು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ಆಡಳಿತ ಒಬ್ಬರ ಕೈಯಲ್ಲೇ ಇರಲಿ ಎಂದಾಗ ಇಡೀ ಸಭೆ ಗಪ್‌ಚುಪ್. ಬ್ರಿಟನ್ ರಾಜನ ವಿರುದ್ಧ ಹೋರಾಡಿ ಗೆದ್ದವರಿಗೆ ಇನ್ನೊಬ್ಬ ರಾಜ ಬೇಕಾ? ಇದು ರಾಜಪ್ರಭುತ್ವದ ಭ್ರೂಣ ಎಂದು ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಸಿಡುಕಿದರು. ಕೊನೆಗೆ ಒಪ್ಪಿದ್ದಕ್ಕೆ ಒಂದು ಕಾರಣ, ಸಭೆಯ ಅಧ್ಯಕ್ಷರಾಗಿ ಎದುರಿಗೇ ಕೂತಿದ್ದ ಜಾರ್ಜ್ ವಾಷಿಂಗ್ಟನ್. ಆ ಜಾಗಕ್ಕೆ ಅವರೇ ಬರುತ್ತಾರೆ ಅಂತ ಬಹಳ ಜನರ ಮನಸ್ಸಿನಲ್ಲಿತ್ತು, ಇಲ್ಲದಿದ್ದರೆ ಇಷ್ಟು ಅಧಿಕಾರ ಕೊಡುತ್ತಿರಲಿಲ್ಲ ಎಂದು ಸೌತ್ ಕ್ಯಾರೊಲೈನಾದ ಪಿಯರ್ಸ್ ಬಟ್ಲರ್ ಆಮೇಲೆ ಪತ್ರದಲ್ಲಿ ಬರೆದರು.

ಜನಸಂಖ್ಯೆ ನೋಡಿ ರಾಜ್ಯಗಳಿಗೆ ಕೆಳಮನೆಯ ಸ್ಥಾನ ಹಂಚುವಾಗ ಇದೇ ಸಭೆ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಿತು. ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಸಂಖ್ಯೆಯೂ ಆ ಸ್ಥಾನಗಳ ಮೇಲೇ ನಿಂತಿದ್ದರಿಂದ, ಅಧ್ಯಕ್ಷರ ಚುನಾವಣೆಯಲ್ಲೂ ದಕ್ಷಿಣದ ರಾಜ್ಯಗಳ ಬಲ ಜಾಸ್ತಿಯಾಯಿತು. ಆ ಗುಲಾಮರಿಗೆ ಮತ ಇರಲಿಲ್ಲ, ಅದನ್ನು ಬೇರೆ ಹೇಳಬೇಕಾ?

1789ರಲ್ಲಿ ಹೀಗೆ ರಾಜ್ಯಗಳ ಪರವಾಗಿ ಮತ ಹಾಕಿದ 69 ಪ್ರತಿನಿಧಿಗಳೂ ವಾಷಿಂಗ್ಟನ್‌ರನ್ನೇ ಆರಿಸಿದರು. ಏಪ್ರಿಲ್ 30ರಂದು ನ್ಯೂಯಾರ್ಕ್‌ನಲ್ಲಿ ಪ್ರಮಾಣವಚನವೂ ಆಯಿತು. ಸರಿ, ಇವರನ್ನು ಏನಂತ ಕರೆಯುವುದು? ಖಜಾನೆ ಖಾಲಿ, ಸಾಲ ಬೆಟ್ಟದಷ್ಟು, ಮೇಲ್ಮನೆಯಾದ ಸೆನೆಟ್ ಮಾತ್ರ ವಾರಗಟ್ಟಲೆ ಇದನ್ನೇ ಚರ್ಚಿಸಿತು! ಉಪಾಧ್ಯಕ್ಷ ಜಾನ್ ಆಡಮ್ಸ್‌ಗೆ ಗತ್ತಿನ ಬಿರುದು ಬೇಕಿತ್ತು. 'ಮಹಾಪ್ರಭುಗಳು, ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರು ಮತ್ತು ಅದರ ಸ್ವಾತಂತ್ರ್ಯಗಳ ರಕ್ಷಕರು' ಎಂಬಂಥ ಉದ್ದನೆಯ ಬಿರುದನ್ನು ಸೆನೆಟ್ ಸಮಿತಿ ಮುಂದಿಟ್ಟಿತು. ಕೆಳಮನೆ ಬಗ್ಗಲಿಲ್ಲ. ಸಂಯುಕ್ತ ಸಂಸ್ಥಾನದ ಅಧ್ಯಕ್ಷ, ಅಷ್ಟು ಸಾಕು ಅಂತಾಯಿತು. ದಪ್ಪಗಿದ್ದ ಆಡಮ್ಸ್‌ಗೆ ಮಾತ್ರ 'ಗುಂಡಪ್ರಭು' ಅನ್ನುವ ಥರದ ಅಡ್ಡಹೆಸರು ಅಂಟಿಕೊಂಡಿತು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅದೇ ವರ್ಷದ ಆಗಸ್ಟ್ 22ರ ಪ್ರಸಂಗ. ಒಪ್ಪಂದಗಳಿಗೆ ಸೆನೆಟ್‌ನ ಸಲಹೆ, ಒಪ್ಪಿಗೆ ಬೇಕು ಎಂದು ಸಂವಿಧಾನದಲ್ಲಿದೆ. ಅದನ್ನು ಅಕ್ಷರಶಃ ನಂಬಿದ ವಾಷಿಂಗ್ಟನ್, ದಕ್ಷಿಣದ ಮೂಲನಿವಾಸಿಗಳ ಜೊತೆಗಿನ ಒಪ್ಪಂದದ ಬಗ್ಗೆ ಕೇಳಲು ಯುದ್ಧ ಇಲಾಖೆಯ ಮುಖ್ಯಸ್ಥ ಹೆನ್ರಿ ನಾಕ್ಸ್‌ರನ್ನು ಕರೆದುಕೊಂಡು ಸೀದಾ ಸೆನೆಟ್‌ಗೇ ಹೋದರು. ಆಡಮ್ಸ್ ಕಾಗದ ಓದತೊಡಗಿದರು. ಬೀದಿಯ ಗಾಡಿಗಳ ಗಲಾಟೆಯಲ್ಲಿ ಏನೂ ಕೇಳಿಸದೆ ಕಿಟಕಿ ಮುಚ್ಚಬೇಕಾಯಿತು. ಸದಸ್ಯರಿಗೆ ವಾಷಿಂಗ್ಟನ್ ಎದುರು ಬಾಯಿ ಬಿಡಲು ಸಂಕೋಚ, ಸಮಿತಿಗೆ ಒಪ್ಪಿಸೋಣ ಎಂದರು. ನಾನು ಬಂದ ಉದ್ದೇಶವೇ ಹಾಳಾಯಿತು ಎಂದು ವಾಷಿಂಗ್ಟನ್ ಸಿಟ್ಟಾದರು. ಸೋಮವಾರ ಮತ್ತೆ ಬಂದು ಕೆಲಸವೇನೋ ಮುಗಿಸಿದರು, ಆಮೇಲೆ ಸಲಹೆ ಕೇಳಲು ಸೆನೆಟ್ ಮೆಟ್ಟಿಲು ಹತ್ತಲಿಲ್ಲ. ಬರಬರುತ್ತಾ ಖಜಾನೆಯ ಹ್ಯಾಮಿಲ್ಟನ್, ವಿದೇಶಾಂಗದ ಜೆಫರ್ಸನ್, ಯುದ್ಧ ಇಲಾಖೆಯ ನಾಕ್ಸ್, ಸರ್ಕಾರದ ಮುಖ್ಯ ವಕೀಲ ರಾಂಡಾಲ್ಫ್ ಈ ನಾಲ್ವರನ್ನೇ ಕೂರಿಸಿಕೊಂಡು ಮಾತಾಡುವುದು ರೂಢಿಯಾಯಿತು. ಇವತ್ತು ಎಲ್ಲರೂ ಹೇಳುವ ಕ್ಯಾಬಿನೆಟ್ ಶುರುವಾಗಿದ್ದು ಹೀಗೆ, ಸಂವಿಧಾನದಲ್ಲಿ ಅದರ ಹೆಸರೇ ಇಲ್ಲ.