ಮಳೆಗಾಲದಲ್ಲಿ ಕುದುರೆಗೆ ಹೊದಿಕೆ ಬೇಕೇ?

ಕೇಳುಗರಿಗೆ ನಮಸ್ಕಾರ.

ಆಟಿ ತಿಂಗಳ ಮಳೆ ಹೇಗಿರುತ್ತದೆ ಎಂದು ಮಂಗಳೂರು, ಉಡುಪಿಯವರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಸುರಿದ ಮಳೆ ಹತ್ತು ಗಂಟೆಗೆ ಬಿಟ್ಟು ಚುರುಕು ಬಿಸಿಲು ಬರುತ್ತದೆ. ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ಮೋಡ ಕವಿಯುತ್ತದೆ. ಇಂಥ ದಿನಗಳಲ್ಲಿ ಹಟ್ಟಿಯ ದನಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳಲು ಮನೆಯಲ್ಲೇ ಹಿರಿಯರಿದ್ದಾರೆ. ಕುದುರೆ ಸಾಕುವವರು ಇಲ್ಲಿ ಕಡಿಮೆ. ಅದಕ್ಕೆ ಹೊದಿಕೆ ಹಾಕಬೇಕೇ, ಎಂಥದ್ದು ಹಾಕಬೇಕು ಎಂದು ಕೇಳಲು ಜನ ಸಿಗುವುದಿಲ್ಲ.

ನನಗೂ ಸಿಕ್ಕಿರಲಿಲ್ಲ. ನಮ್ಮ ಮನೆಗೆ ಮೊದಲು ಬಂದದ್ದು ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಮೊದಲ ಮಳೆಗಾಲದ ಒಂದು ರಾತ್ರಿ ಜೋರು ಗಾಳಿ. ನನಗೆ ಚಳಿಯಾಯಿತು, ಅದಕ್ಕೂ ಆಗಿರಬೇಕು ಅಂದುಕೊಂಡು ದಪ್ಪ ಹೊದಿಕೆ ಬಿಗಿದು ಮಲಗಿದೆ. ಬೆಳಿಗ್ಗೆ ತೆಗೆದರೆ ಬೆನ್ನೆಲ್ಲ ಬೆವರಿನಿಂದ ಒದ್ದೆ. ಆದರೂ ವಾರವಿಡೀ ಹಾಗೇ ಹಾಕಿದೆ. ಬೆನ್ನ ಮೇಲಿನ ಕೂದಲು ಗಂಟುಗಂಟಾಗಿ ಹಕ್ಕಳೆ ಕಟ್ಟಿತು. ಮುಟ್ಟಿದರೆ ನೋವಿನಿಂದ ಮೈ ಅದುರಿಸುತ್ತಿತ್ತು. ಒದ್ದೆ ಚರ್ಮದಲ್ಲಿ ಬೆಳೆಯುವ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಹುಣ್ಣು ಅದು. ಆ ನೋವು ನನ್ನಿಂದ ಆದದ್ದು ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ನಮಗೆ ಚಳಿಯಾದರೆ ಕುದುರೆಗೂ ಚಳಿ ಎಂದಲ್ಲ. ಬೆಳೆದ, ಆರೋಗ್ಯವಾಗಿರುವ ಕುದುರೆಗೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆ ಹಿತವಾಗಿರುತ್ತದೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು. ಮೇಲಾಗಿ ಕುದುರೆಯ ಹೊಟ್ಟೆಯೊಳಗೇ ಒಂದು ಒಲೆ ಇದೆ ಅನ್ನಬಹುದು. ತಿಂದ ಹುಲ್ಲು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ. ಗಾಳಿಮಳೆಯ ರಾತ್ರಿ ಒಂದು ಕಟ್ಟು ಒಣಹುಲ್ಲು ಜಾಸ್ತಿ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕು.

ಹಾಗಾದರೆ ಹೊದಿಕೆ ಬೇಡವೇ ಬೇಡವಾ? ಬೇಕಾಗುತ್ತದೆ, ಆದರೆ ಬೇರೆ ಕಾರಣಕ್ಕೆ. ಚಳಿಯಾದಾಗ ಕುದುರೆಯ ಕೂದಲು ನಿಮಿರಿ, ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಅದೇ ಅದರ ಕಂಬಳಿ. ಮಳೆಗೆ ನೆನೆದರೆ ಕೂದಲು ಮೈಗೆ ಅಂಟಿಕೊಳ್ಳುತ್ತದೆ, ಆ ಗಾಳಿ ಹೋಗುತ್ತದೆ. ಮೇಲಿಂದ ಕಡಲ ಗಾಳಿ ಬೀಸಿದರೆ ಆಗ ಅದಕ್ಕೆ ನಿಜವಾಗಿ ಚಳಿ. ಮುದಿ ಕುದುರೆ, ಬಡಕಲು ಕುದುರೆ, ಕಾಯಿಲೆಯಿಂದ ಎದ್ದದ್ದು, ಕೂದಲು ಕತ್ತರಿಸಿದ್ದು, ಇವುಗಳಿಗೆ ಇನ್ನೂ ಬೇಗ.

ಕೊಳ್ಳುವಾಗ ಚೀಟಿಯ ಮೇಲಿನ ಎರಡು ಸಂಖ್ಯೆಗಳನ್ನು ಸರಿಯಾಗಿ ಓದಿ. 600 ಅಥವಾ 1200 ಡೆನಿಯರ್ ಎಂದಿದ್ದರೆ ಅದು ನೂಲಿನ ದಪ್ಪ. ಹೆಚ್ಚಿದ್ದಷ್ಟೂ ಹೊರಬಟ್ಟೆ ಸುಲಭವಾಗಿ ಹರಿಯುವುದಿಲ್ಲ, ಅಷ್ಟೇ. ಬೆಚ್ಚಗಿನ ಲೆಕ್ಕ ಇರುವುದು ಗ್ರಾಂನಲ್ಲಿ. ಒಳಗೆ ಎಷ್ಟು ತುಂಬಿದ್ದಾರೆ ಎಂದು 0, 100, 200 ಹೀಗೆ ಬರೆದಿರುತ್ತಾರೆ. ನಮ್ಮ ಕರಾವಳಿಗೆ 0 ಗ್ರಾಂ ಸಾಕು. ಮಳೆ ತಡೆಯುವ ತೆಳು ಹೊದಿಕೆ, ಒಳಗೆ ಏನೂ ತುಂಬಿರದದ್ದು.

ಅದರಲ್ಲೂ ಒಂದು ತೊಡಕಿದೆ. ನೀರು ಒಳಗೆ ಬರುವುದಿಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ ಎನ್ನುವ ಬಟ್ಟೆಗಳಿವೆ. ಒಳ್ಳೆಯವೇ. ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಆವಿ ಎಲ್ಲಿಗೆ ಹೋಗಬೇಕು? ಜುಲೈ ತಿಂಗಳಲ್ಲಿ ನಮ್ಮ ಬಟ್ಟೆ ಹಗ್ಗದ ಮೇಲೆ ಮೂರು ದಿನವಾದರೂ ಒಣಗುವುದಿಲ್ಲ ಅಲ್ವಾ, ಹಾಗೆಯೇ ಇದೂ. ಆದ್ದರಿಂದ ಹೊದಿಕೆಗಿಂತ ಮೊದಲು ಎತ್ತರದ ಮಾಡು, ಗಾಳಿ ಆಡುವ ಲಾಯ ಬೇಕು. ಮಳೆಯಲ್ಲಿ ಹೊರಗೆ ಬಿಟ್ಟಾಗ ಮಾತ್ರ ಹೊದಿಕೆ. ಒಳಗೆ ಬಂದ ಕೂಡಲೇ ತೆಗೆಯಿರಿ. ಟರ್ಪಾಲು ಕತ್ತರಿಸಿ ಕಟ್ಟುವುದಂತೂ ದಯವಿಟ್ಟು ಬೇಡ.

ಹೊದಿಕೆ ಎರಡಿರಲಿ. ಒಂದು ಮೈಮೇಲೆ, ಇನ್ನೊಂದು ಒಣಗಲು. ನಾನು ಬಚ್ಚಲ ಒಲೆಯ ಮೇಲ್ಗಡೆ ಬಿದಿರಿನ ಗಳ ಕಟ್ಟಿದ್ದೇನೆ. ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ.

ಸವಾರಿ ಮುಗಿಸಿ ಬಂದ ಕುದುರೆಗೂ ತಕ್ಷಣ ಹೊದಿಸಬಾರದು. ಮೈಗೆ ನೀರು ಹಾಕಿ, ಆ ನೀರನ್ನು ಬಳಿದು ತೆಗೆದು, ನಿಧಾನಕ್ಕೆ ನಡೆಸಿ, ಉಸಿರು ತಣಿಯಲಿ. ಸಂಜೆ ನುಸಿ, ನೊಣದ ಕಾಟಕ್ಕೆ ಬಲೆಯಂಥ ತೆಳು ಹೊದಿಕೆ ಸಿಗುತ್ತದೆ. ನಮ್ಮಲ್ಲಿ ಅದರ ಉಪಯೋಗವೇ ಹೆಚ್ಚು.

ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ಒಯ್ಯುವವರು ಮಾತ್ರ ಒಂದು ತೆಳು ಹೊದಿಕೆ ಜೊತೆಗಿಟ್ಟುಕೊಳ್ಳಿ. ಕೆಳಗೆ ಸೆಕೆಯಲ್ಲಿ ಬೆವರಿದ ಮೈಗೆ ಮೇಲೆ ರಾತ್ರಿಯ ಗಾಳಿ ತಗಲುತ್ತದೆ. ಸಕಲೇಶಪುರದಲ್ಲಿ ನಿಲ್ಲಿಸಿ ಮೈ ಮುಟ್ಟಿ ನೋಡಿ, ಆಮೇಲೆ ಹಾಕಿ.

ಎಲ್ಲಿ ಮುಟ್ಟಬೇಕು? ಕಾಲು, ಕಿವಿ ತಣ್ಣಗಿದ್ದರೆ ಗಾಬರಿ ಬೇಡ. ಹೊದಿಕೆಯ ಕೆಳಗೆ ಕೈ ತೂರಿಸಿ, ಹೆಗಲ ಹಿಂದೆ ಅಂಗೈ ಇಡಿ. ಒಣಗಿದ್ದು ಹಿತವಾದ ಬಿಸಿ ಇದ್ದರೆ ಸರಿ. ಜಿಗುಟಾಗಿದ್ದರೆ ತೆಗೆಯಿರಿ. ತಣ್ಣಗಿದ್ದು ಮೈ ನಡುಗುತ್ತಿದ್ದರೆ ಮೊದಲು ಒರೆಸಿ ಒಣಗಿಸಿ, ಮತ್ತೆ ಹೊದಿಸಿ. ನಮ್ಮ ಕಂದು ಕುದುರೆ ಈಗ ನಾನು ಕೈ ಇಟ್ಟರೆ ಅದುರುವುದಿಲ್ಲ, ಹುಲ್ಲು ತಿನ್ನುತ್ತಾ ಸುಮ್ನೆ ನಿಲ್ಲುತ್ತದೆ.