ಚೀಲ ಹೊಲಿದಿದೆ ಅಂದ್ರೆ ಅಕ್ಕಿ ಸರಿ ಇದೆ ಅಂತಲ್ಲ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಉಪನ್ಯಾಸ ಇದು, ಹೊರಗೆ ಗಂಗಾವತಿ ಬಿಸಿಲು ಬೇರೆ, ಅದಕ್ಕೇ ಸ್ಲೈಡ್ ತಂದಿಲ್ಲ. ನಿಮ್ಮಲ್ಲಿ ಸುಮಾರು ಜನ ಕಾರಟಗಿ, ಸಿಂಧನೂರು ಕಡೆಯವರು. ರೈಸ್ ಮಿಲ್ ನೋಡದೆ ಬೆಳೆದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಇವತ್ತಿನ ವಿಷಯ ಎಫ್‌ಪಿಜಿಎ ಅನ್ನುವ ಚಿಪ್‌ನ ಭದ್ರತೆ, ಮಿಲ್ಲಿನಿಂದಲೇ ಶುರು ಮಾಡೋಣ.

ಮಿಲ್ಲಿನಲ್ಲಿ ಸಾರ್ಟೆಕ್ಸ್ ಮಷೀನ್ ಇರುತ್ತದಲ್ವಾ, ಅಕ್ಕಿ ಜಾರಿ ಬೀಳುವಾಗ ಕ್ಯಾಮೆರಾ ಕಾಳು ಕಾಳನ್ನೂ ನೋಡಿ, ಕಪ್ಪು ಕಾಳು ಕಂಡ ಕೂಡಲೇ ಗಾಳಿ ಹೊಡೆದು ಆಚೆ ತಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ತೀರ್ಮಾನ ಆಗಬೇಕು. ಇಂಥ ಕೆಲಸಕ್ಕೆ ಎಫ್‌ಪಿಜಿಎ ಹೇಳಿ ಮಾಡಿಸಿದ ಚಿಪ್. ಕಾರ್ಖಾನೆಯಿಂದ ಬರುವಾಗ ಅದು ಖಾಲಿ. ಒಳಗಿನ ಸರ್ಕ್ಯೂಟ್ ಹೇಗಿರಬೇಕು ಅಂತ ನಾವೇ ಒಂದು ಫೈಲ್ ಮಾಡಿ ಕೊಡಬೇಕು, ಅದಕ್ಕೆ ಬಿಟ್‌ಸ್ಟ್ರೀಮ್ ಅನ್ನುತ್ತಾರೆ. 1985ರಲ್ಲಿ ಝೈಲಿಂಕ್ಸ್ ಕಂಪನಿಯ ಮೊದಲ ಎಫ್‌ಪಿಜಿಎ ಬಂದಾಗ ಅದರಲ್ಲಿ ಇದ್ದದ್ದು ಬರೀ 64 ಲಾಜಿಕ್ ಬ್ಲಾಕ್. ಈಗಿನವುಗಳ ಗಾತ್ರ ಎಲ್ಲೋ ಹೋಗಿದೆ, ಆದರೆ ಒಂದು ಬುದ್ಧಿ ಮಾತ್ರ ಬದಲಾಗಿಲ್ಲ: ಹೆಚ್ಚಿನವು ಕರೆಂಟ್ ಹೋದ ಕೂಡಲೇ ಎಲ್ಲ ಮರೆಯುತ್ತವೆ. ಕರೆಂಟ್ ಬಂದಾಗ ಪಕ್ಕದಲ್ಲಿರುವ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಿಂದ ಪೂರಾ ಪಾಠ ಮತ್ತೆ ಓದಿಕೊಳ್ಳುತ್ತವೆ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ಗೊತ್ತು. ಅಷ್ಟು ಸಲವೂ ಆ ಚಿಪ್ ಆಗ ತಾನೇ ಹುಟ್ಟಿದ ಕೂಸು. ಯಾರು ಏನು ಕುಡಿಸಿದರೂ ಕುಡಿಯುತ್ತದೆ.

ಫ್ಲ್ಯಾಶ್‌ಗೆ ಒಂದು ಕ್ಲಿಪ್ ಕಚ್ಚಿಸಿದರೆ ಫೈಲ್ ಕಾಪಿ ಆಯಿತು. ಬದಲಾಯಿಸಿ ವಾಪಸ್ ಬರೆಯಲೂ ಬಹುದು. ಇದಕ್ಕೆ ಕಂಪನಿಗಳು ಮೊದಲು ಹುಡುಕಿದ ಮದ್ದು ಎನ್‌ಕ್ರಿಪ್ಷನ್, ಅಂದರೆ ಕೀಲಿ ಇದ್ದವರಿಗೆ ಮಾತ್ರ ಓದಲು ಬರುವಂತೆ ಫೈಲನ್ನು ಗುಟ್ಟು ಮಾಡುವುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಚೀಲದ ಬಾಯಿ ಹೊಲಿದರು. ಒಳಗೇನಿದೆ ಅಂತ ಕಾಣಲ್ಲ, ನಿಜ. ಆದರೆ ಒಳಗಿರುವುದು ಸೋನಾ ಮಸೂರಿಯೋ ನುಚ್ಚೋ ಅಂತ ಹೊಲಿಗೆ ಹೇಳುತ್ತದಾ? ಅದಕ್ಕೆ ಸ್ಯಾಂಪಲ್ ತೆಗೆದು ನೋಡಬೇಕು. ಚಿಪ್‌ನಲ್ಲಿ ಆ ಕೆಲಸ ಮಾಡುವುದು ಸಹಿ ತಪಾಸಣೆ, ಅಂದರೆ ಫೈಲ್ ಮಾಡಿದವರ ಡಿಜಿಟಲ್ ಸಹಿ ಸರಿ ಇದೆಯಾ ಅಂತ ನೋಡುವುದು. ಯಾವಾಗ ನೋಡುತ್ತೀರಿ ಅನ್ನುವುದೂ ಮುಖ್ಯ. ಹಮಾಲರು ಲಾರಿ ಇಳಿಸಿ, ಗೋಡೌನ್ ಒಳಗೆ ನಿಟ್ಟು ಹಾಕಿದ ಮೇಲೆ ಸ್ಯಾಂಪಲ್ ನೋಡಿದರೆ ಏನು ಬಂತು?

2020ರಲ್ಲಿ ಬಯಲಾದ ಸ್ಟಾರ್‌ಬ್ಲೀಡ್ ಅನ್ನುವ ದೋಷ ಥೇಟ್ ಇದೇ. ಜರ್ಮನಿಯ ಸಂಶೋಧಕರು ಝೈಲಿಂಕ್ಸ್‌ನ 7 ಸೀರೀಸ್ ಮತ್ತು ವರ್ಟೆಕ್ಸ್-6 ಚಿಪ್‌ಗಳಲ್ಲಿ ಹಿಡಿದದ್ದು. ಆ ಚಿಪ್‌ಗಳಲ್ಲಿ ಎಇಎಸ್-256 ಅನ್ನುವ ಗಟ್ಟಿ ಎನ್‌ಕ್ರಿಪ್ಷನ್ ಇತ್ತು, ಜೊತೆಗೆ ಫೈಲ್ ಅಸಲಿಯೋ ಅಂತ ನೋಡುವ ಲೆಕ್ಕವೂ ಇತ್ತು. ಆದರೆ ಆ ಲೆಕ್ಕ ಮುಗಿಯುವುದು ಫೈಲಿನ ಕೊನೆಗೆ, ಅಷ್ಟರೊಳಗೆ ಚಿಪ್ ಒಳಗಿನ ಆದೇಶಗಳನ್ನು ಪಾಲಿಸುತ್ತಾ ಹೋಗಿರುತ್ತದೆ. ಸಂಶೋಧಕರು ಬೀಗ ಒಡೆಯಲಿಲ್ಲ, ಕೀಲಿಯನ್ನೂ ಕದಿಯಲಿಲ್ಲ. ಹೊಲಿದ ಫೈಲಿನಲ್ಲೇ ನಾಲ್ಕಾರು ಬಿಟ್ ತಿರುಗಿಸಿ, ಬಿಚ್ಚಿದ ಒಂದು ತುಂಡನ್ನು ಒಂದು ರಿಜಿಸ್ಟರ್‌ನಲ್ಲಿ, ಅಂದರೆ ಚಿಪ್ ಒಳಗಿನ ಪುಟ್ಟ ನೆನಪಿನ ಖಾನೆಯಲ್ಲಿ, ಇಡು ಅಂತ ಚಿಪ್‌ಗೇ ಹೇಳಿದರು. ಕೊನೆಗೆ ತಪಾಸಣೆಯಲ್ಲಿ ಫೇಲ್ ಆಗಿ ಚಿಪ್ ರೀಸೆಟ್ ಆಯಿತು, ಸರಿ, ಆದರೆ ಆ ರಿಜಿಸ್ಟರ್ ಮಾತ್ರ ರೀಸೆಟ್ ಆದರೂ ಅಳಿಯುವುದಿಲ್ಲ, ಯಾಕೆಂದರೆ ಮುಂದಿನ ಸಲ ಯಾವ ಜಾಗದಿಂದ ಬೂಟ್ ಆಗಬೇಕು ಅನ್ನುವುದನ್ನು ನೆನಪಿಡಲಿಕ್ಕೇ ಅದನ್ನು ಇಟ್ಟಿರುವುದು. ಹೀಗೆ ಒಂದೊಂದು ರೀಸೆಟ್‌ಗೆ 32 ಬಿಟ್. ತಾಳ್ಮೆ ಇದ್ದರೆ ಫೈಲ್ ಪೂರ್ತಿ ಕೈಗೆ ಬಂತು. ತಮಾಷೆ ಅಂದರೆ ಅಸಲಿತನ ನೋಡುವ ಕೀಲಿಯನ್ನೂ ಅದೇ ಫೈಲಿನ ಒಳಗೆ ಇಟ್ಟಿದ್ದರು, ಹಾಗಾಗಿ ಬಿಚ್ಚಿದವನು ತನ್ನದೇ ಫೈಲ್ ಮಾಡಿ ಅಸಲಿ ಅಂತ ಒಪ್ಪಿಸಲೂ ಬಹುದು. ದೋಷ ಸಿಲಿಕಾನ್‌ನಲ್ಲೇ ಇದೆ, ಅಪ್‌ಡೇಟ್ ಕೊಟ್ಟು ಸರಿಮಾಡಲು ಆಗುವುದಿಲ್ಲ. 2024ರಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿದರಲ್ಲ, ಇಲ್ಲಿ ಆ ದಾರಿಯೂ ಇಲ್ಲ.

2019ರಲ್ಲಿ ಸಿಸ್ಕೋ ರೌಟರ್‌ಗಳದ್ದು ಇನ್ನೊಂದು ಕಥೆ. ಅಲ್ಲಿ ಬೂಟ್ ಆಗುವ ಸಾಫ್ಟ್‌ವೇರ್ ಸರಿ ಇದೆಯಾ ಅಂತ ಕಾಯುವುದೇ ಒಂದು ಎಫ್‌ಪಿಜಿಎ. ಕಾವಲುಗಾರನ ಬಿಟ್‌ಸ್ಟ್ರೀಮ್ ಇದ್ದ ಫ್ಲ್ಯಾಶ್‌ಗೆ ಮಾತ್ರ ಕಾವಲೇ ಇರಲಿಲ್ಲ! ಅದನ್ನೇ ತಿದ್ದಿದರೆ ತಪ್ಪು ಕಂಡರೂ ಅವನು ಸುಮ್ನೆ ಕೂರುತ್ತಾನೆ.

ಹಾಗಾದರೆ ಹೇಗೆ ಮಾಡಬೇಕು? ಮೊದಲು ಸಹಿ ನೋಡು, ಆಮೇಲೆ ಬಿಚ್ಚು, ಆಮೇಲೆ ಪಾಲಿಸು. ಹೊಸ ಚಿಪ್‌ಗಳಲ್ಲಿ ಈ ಸೌಲಭ್ಯ ಇದೆ: ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿಯ ಹ್ಯಾಶನ್ನು, ಅಂದರೆ ಅದರ ಬೆರಳಚ್ಚನ್ನು, ಚಿಪ್ ಒಳಗಿನ ಇ-ಫ್ಯೂಸ್‌ನಲ್ಲಿ ಸುಟ್ಟು ಇಡುತ್ತೀರಿ, ಒಮ್ಮೆ ಸುಟ್ಟರೆ ಮುಗಿಯಿತು, ಅಳಿಸಲು ಬರಲ್ಲ. ಆದರೆ ಅದನ್ನು ಆನ್ ಮಾಡಬೇಕಾದವರು ನೀವೇ. ಪ್ರಾಜೆಕ್ಟ್ ಮುಗಿಸುವ ಗಡಿಬಿಡಿಯಲ್ಲಿ ಯಾರೂ ಮಾಡಲ್ಲ, ನಾನೂ ಎಷ್ಟೋ ಸಲ ಬಿಟ್ಟಿದ್ದೇನೆ. ಹಾಗೆಯೇ ಹಳೇ ಫೈಲಿಗೂ ನಿಮ್ಮದೇ ಸಹಿ ಇರುತ್ತದೆ ಅನ್ನುವುದು ನೆನಪಿರಲಿ. ತೂತಿರುವ ಹೋದ ವರ್ಷದ ಫೈಲನ್ನು ಯಾರಾದರೂ ತಂದು ಹಾಕಿದರೆ ಚಿಪ್ ಕೈ ಮುಗಿದು ಒಳಗೆ ಬಿಟ್ಟುಕೊಳ್ಳುತ್ತದೆ. ವರ್ಷನ್ ನಂಬರನ್ನೂ ನೋಡುವಂತೆ ಮಾಡಬೇಕು.

ಎನ್‌ಕ್ರಿಪ್ಷನ್ ಕೀಲಿಯನ್ನು ಇ-ಫ್ಯೂಸ್‌ನಲ್ಲಿ ಇಡಬಹುದು, ಇಲ್ಲಾ ಬ್ಯಾಟರಿ ಮೇಲೆ ಬದುಕುವ ರ್ಯಾಮ್‌ನಲ್ಲಿ. ಬ್ಯಾಟರಿಯದ್ದು ಹೆಚ್ಚು ಭದ್ರ ಅಂತ ಪುಸ್ತಕ ಹೇಳುತ್ತದೆ, ಬೇಕೆಂದಾಗ ಅಳಿಸಬಹುದಲ್ಲ. ಆದರೆ ಪುಸ್ತಕ ಬರೆದವರು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಇರುವುದು ಬೇಸಿಗೆ ಮತ್ತು ಕಡು ಬೇಸಿಗೆ, ಎರಡೇ ಕಾಲ. ತಗಡಿನ ಪ್ಯಾನೆಲ್ ಒಳಗೆ ಗುಂಡಿ ಬ್ಯಾಟರಿ ಎಷ್ಟು ದಿನ ಬಾಳೀತು? ಒಂದು ಮಿಲ್ಲಿನಿಂದ ನನಗೆ ಫೋನ್ ಬಂದಿತ್ತು, "ಸರ್ರ, ರಾತ್ರಿ ಚೊಲೊ ಓಡಿತ್ರಿ, ಮುಂಜಾನೆ ಸ್ವಿಚ್ ಹಾಕಿದ್ರ ಸತ್ತಂಗ ಐತ್ರಿ." ಹೋಗಿ ನೋಡಿದರೆ ಬ್ಯಾಟರಿ ಸತ್ತಿತ್ತು, ಅದರ ಜೊತೆ ಕೀಲಿಯೂ. ಸುಗ್ಗಿ ಕಾಲ, ಹೊರಗೆ ಭತ್ತದ ಟ್ರ್ಯಾಕ್ಟರ್ ಸಾಲು. ಮಾಲೀಕರು ಕೇಳಿದ್ದು ಒಂದೇ ಮಾತು: "ಕೀಲಿ ಹೋತು ಅಂತೀರಿ, ಕದ್ದವರು ಯಾರ್ರಿ?"

ಆ ಬೋರ್ಡನ್ನು ಇಲ್ಲಿ ತಂದಿದ್ದೇನೆ. ಊಟ ಆದ ಮೇಲೆ ಬಂದು ನೋಡಿ. ಹೊರಗಿನಿಂದ ನೇರ ಚಿಪ್ ಒಳಗೆ ಹೋಗುವ ಬಾಗಿಲಾದ ಜೆಟ್ಯಾಗ್ ಪಿನ್‌ಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ, ಎಲ್ಲಿವೆ ಅಂತ ನಾನು ತೋರಿಸಲ್ಲ, ನೀವೇ ಹುಡುಕಿ.